ಶರತ್ಕಾಲದ ಬಿಸಿಲು

ಪಂಚಾಂಗ ತೆರೆದರೆ ಶರದೃತುವಿಗೆ ಆಶ್ವಯುಜ, ಕಾರ್ತಿಕ ಎಂದು ಪೂರ್ಣ ಎರಡು ತಿಂಗಳು ಸಂದಿವೆ. ಆದರೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಬಾಳೂರಿನ ಸೀಮೆಗೆ ಆ ಋತು ಅಷ್ಟು ಧಾರಾಳವಾಗಿ ದಕ್ಕುವುದಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಬಿಟ್ಟು, ಬಿಸಿಲು ನೆಲೆನಿಂತ ಮೇಲೆ, ಕಾಫಿಯ ಕುಯ್ಲು ಆರಂಭವಾಗುವ ತನಕ ನಡುವೆ ಸಿಕ್ಕುವ ಐದಾರು ವಾರಗಳೇ ನಮ್ಮ ಶರತ್ತು. ಅದಕ್ಕೆ ಹಿಂದೆ ನಾಲ್ಕು ತಿಂಗಳ ಜಡಿಮಳೆ. ಅದರ ಮುಂದೆ ಮೂರು ನಾಲ್ಕು ತಿಂಗಳ ಬಿಡುವಿಲ್ಲದ ದುಡಿಮೆ. ಇವೆರಡರ ನಡುವಣ ಈ ಬೆಚ್ಚನೆಯ ದಿನಗಳನ್ನು ಮನೆಯಲ್ಲಿ, ಹಿತ್ತಲಿನಲ್ಲಿ, ಬಿಡುವಿನ ತಿರುಗಾಟದಲ್ಲಿ ನಾವು ಹೇಗೆ ಅನುಭವಿಸುತ್ತೇವೆ, ಹೇಗೆ ಅನುಭವಿಸಬೇಕು ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಲು ಬಯಸುತ್ತೇನೆ.

ಇಂಗ್ಲಿಷ್ ಪಠ್ಯಪುಸ್ತಕಗಳನ್ನು ಓದಿ ಬೆಳೆದವರಿಗೆ ಈ ಕಾಲವೆಂದರೆ ಎಲೆ ಉದುರುವ ಕಾಲವೆಂಬ ಭಾವನೆ ಉಳಿದುಬಿಡುತ್ತದೆ. ಚಳಿದೇಶಗಳ ಮಟ್ಟಿಗೆ ಅದು ನಿಜ. ಅಲ್ಲಿ ಮರಗಳು ಹಿಮಗಾಲಕ್ಕೆ ಮುಂಚೆ ಎಲೆ ಕಳಚಿ ಬರಿದಾಗುತ್ತವೆ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ನೀರಿನ ಅಭಾವ ಬಂದಾಗ. ಶರತ್ತಿನಲ್ಲಿ ನಮ್ಮ ನೆಲ ತುಂಬಿರುತ್ತದೆ. ಬೇರಿಗೆ ನೀರಿದೆ, ಎಲೆಗೆ ಬೆಳಕಿದೆ. ಕಾಳಿದಾಸನು ‘ಋತುಸಂಹಾರ’ದ ಮೂರನೆಯ ಸರ್ಗವನ್ನು ಶರತ್ತಿಗೆ ಮೀಸಲಿಟ್ಟು ಅದನ್ನು ನವವಧುವಾಗಿ ಕಂಡನೇ ಹೊರತು ಮುಪ್ಪಿನ ಸಂಕೇತವಾಗಿ ಅಲ್ಲ. ಮಳೆಯ ಮುಸುಕು ಸರಿದು ಬೆಟ್ಟದ ಮುಖ ಕಾಣುವ ಈ ದಿನಗಳನ್ನು ನೋಡಿದ ಮಲೆನಾಡಿಗನಿಗೆ ಆ ಕಲ್ಪನೆ ಅತಿಶಯವೆನಿಸಲಾರದು.

ಈ ಬಿಸಿಲಿಗೆ ಇಷ್ಟು ಹುರುಪು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ನಮ್ಮ ಸೀಮೆ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಆದ್ದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ನೇರವಾಗಿ ಹಾಯುತ್ತಾನೆ. ಒಂದು ಸಲ ಏಪ್ರಿಲ್ ಕೊನೆಯ ವಾರದಲ್ಲಿ. ಇನ್ನೊಂದು ಸಲ ಆಗಸ್ಟ್ ನಡುವಿನಲ್ಲಿ. ಈ ಎರಡನೆಯ ಸಲ ಅವನನ್ನು ನಾವು ಕಾಣುವುದೇ ಇಲ್ಲ. ಆಷಾಢ ಶ್ರಾವಣಗಳ ಮೋಡ ಅವನನ್ನು ಮುಚ್ಚಿರುತ್ತದೆ. ಅಕ್ಟೋಬರ್ ನಡುವಿನ ಹೊತ್ತಿಗೆ ನೈರುತ್ಯ ಮಾರುತ ನಮ್ಮ ನಾಡಿನಿಂದ ಹಿಂದೆ ಸರಿಯುತ್ತದೆ. ನಾಲ್ಕು ತಿಂಗಳು ತೊಳೆದ ಆಕಾಶದಲ್ಲಿ ಧೂಳಿಲ್ಲ, ಹೊಗೆಯಿಲ್ಲ. ಸೂರ್ಯ ದಕ್ಷಿಣಕ್ಕೆ ವಾಲಿದ್ದರೂ ಅವನ ಕಿರಣಕ್ಕೆ ತಡೆಯಿಲ್ಲದ್ದರಿಂದ ಬಿಸಿಲು ಚುರುಕಾಗಿರುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಜಗುಲಿಗೆ ಮಧ್ಯಾಹ್ನದ ಬಿಸಿಲು ಒಳಸೇರುವುದು ಈ ತಿಂಗಳುಗಳಿಂದಲೇ. ಹಳೆಯ ಕಾಲದವರು ಮನೆಯ ದಿಕ್ಕನ್ನು ನಿಶ್ಚಯಿಸುವಾಗ ಇಂಥ ಲೆಕ್ಕಗಳನ್ನು ಮರೆಯುತ್ತಿರಲಿಲ್ಲ.

ರಾತ್ರಿಯ ಮಾತು ಬೇರೆ. ಮೋಡವೆಂಬುದು ಭೂಮಿಗೆ ಹೊದಿಸಿದ ಕಂಬಳಿ. ಅದು ಸರಿದಾಗ ಹಗಲು ಕಾದ ನೆಲ ರಾತ್ರಿ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಗದ್ದೆಬಯಲಿನಲ್ಲಿ ತಂಗುತ್ತದೆ. ಅಲ್ಲಿಯ ತೇವ ಮಂಜಾಗುತ್ತದೆ. ಬೆಳಗಿನ ಜಾವ ಗುಡ್ಡದ ಮೇಲಿನ ಮನೆಯಿಂದ ನೋಡಿದರೆ ಕೆಳಗಿನ ಕಣಿವೆಗಳೆಲ್ಲ ಹಾಲು ತುಂಬಿದ ಬೋಗುಣಿಗಳಂತೆ ತೋರುವುದಕ್ಕೆ ಇದೇ ಕಾರಣ. ಒಂಬತ್ತು ಗಂಟೆಯ ಹೊತ್ತಿಗೆ ಮಂಜು ಕರಗಿ ಬಿಸಿಲು ಗದ್ದೆಯ ಮೇಲೆ ಬೀಳುತ್ತದೆ. ಒಂದೇ ದಿನದಲ್ಲಿ ಚಳಿಯನ್ನೂ ಸೆಕೆಯನ್ನೂ ಹೀಗೆ ಅನುಭವಿಸಬಹುದಾದ ಕಾಲ ನಮಗೆ ಬೇರೊಂದಿಲ್ಲ.

ಇನ್ನು ಮನೆಯ ಒಳಗೆ ಬರೋಣ. ಮಲೆನಾಡಿನ ಹಳೆಯ ಮನೆಗಳಲ್ಲಿ ಶರತ್ತಿನ ಮೊದಲ ಕೆಲಸ ಸೋಗೆಯ ತಟ್ಟಿ ಬಿಚ್ಚುವುದು. ಇರಿಚಲು ಹೊಡೆಯದಂತೆ ಜಗುಲಿಯ ಅಂಚಿಗೆ ಕಟ್ಟಿದ ಆ ಅಡಿಕೆಸೋಗೆಯ ಮರೆ ನಾಲ್ಕು ತಿಂಗಳು ಮಳೆಯನ್ನು ತಡೆದಂತೆ ಬೆಳಕನ್ನೂ ತಡೆದಿರುತ್ತದೆ. ಅದನ್ನು ಬಿಚ್ಚಿದ ದಿನ ಮನೆಗೆ ಮತ್ತೊಂದು ಕೋಣೆ ಸೇರಿದಂತಾಗುತ್ತದೆ. ಈಗ ಸೋಗೆಯ ಬದಲು ಪ್ಲಾಸ್ಟಿಕ್ ಹಾಳೆ ಕಟ್ಟುವವರೇ ಹೆಚ್ಚು. ಬಿಚ್ಚುವ ಸಂತೋಷ ಮಾತ್ರ ಬದಲಾಗಿಲ್ಲ.

ತಟ್ಟಿ ಬಿಚ್ಚಿದ ಮೇಲೆ ಒಣಗಿಸುವ ಕೆಲಸ. ಮಳೆಗಾಲದ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೂಷ್ಟಿಗೆ ಅದು ಸುಗ್ಗಿ. ಚಪ್ಪಲಿ, ಪೆಟ್ಟಿಗೆ, ಬೆಲ್ಟು, ಗೋಡೆಯ ಪಟ, ಪುಸ್ತಕದ ರಟ್ಟು, ಯಾವುದನ್ನೂ ಅದು ಬಿಡುವುದಿಲ್ಲ. ಹಾಸಿಗೆ, ಕಂಬಳಿ, ದಿಂಬುಗಳನ್ನು ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ ಮಗುಚಬೇಕು. ಉಣ್ಣೆಯಲ್ಲಿ ಅಡಗಿದ ನುಸಿಯ ಮೊಟ್ಟೆಗಳು ಅದರಿಂದ ಸಾಯುತ್ತವೆ. ರೇಷ್ಮೆ ಸೀರೆಗೂ ಪುಸ್ತಕಕ್ಕೂ ನೇರ ಬಿಸಿಲು ಸಲ್ಲದು. ಸೀರೆಯ ಬಣ್ಣ ಇಳಿಯುತ್ತದೆ, ಪುಟಗಳು ಹಳದಿಯಾಗಿ ಮುರಿಯತೊಡಗುತ್ತವೆ. ಇವನ್ನು ನೆರಳಿನಲ್ಲಿ ಗಾಳಿಗೆ ಬಿಡಿಸಿಟ್ಟು, ಒಣಬಟ್ಟೆಯಿಂದ ಬೂಷ್ಟು ಒರೆಸಿ, ಸಂಜೆಯ ತಂಪು ಬರುವ ಮುಂಚೆಯೇ ಒಳಗಿಡಬೇಕು. ನಾಲ್ಕು ಗಂಟೆ ಮೀರಿದರೆ ಬಟ್ಟೆ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಅಂಗಳದಲ್ಲಿ ಹರವಿದ್ದನ್ನು ಸಕಾಲಕ್ಕೆ ಎತ್ತಿಡುವ ವಿಷಯದಲ್ಲಿ ನಮ್ಮ ಅಜ್ಜಿಯಂದಿರಿಗೆ ಗಡಿಯಾರ ಬೇಕಿರಲಿಲ್ಲ; ಅಡಿಕೆಮರದ ನೆರಳು ಬಾವಿಕಟ್ಟೆ ಮುಟ್ಟಿದರೆ ಸಾಕಾಗಿತ್ತು.

ಮೈಗೂ ಈ ಬಿಸಿಲು ಬೇಕು. ಎಲುಬಿಗೆ ಅಗತ್ಯವಾದ ಡಿ ಜೀವಸತ್ವವನ್ನು ನಮ್ಮ ಚರ್ಮ ಬಿಸಿಲಿನಲ್ಲಿಯೇ ತಯಾರಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಒಲೆಯ ಮುಂದೆ ಕುಳಿತ ವೃದ್ಧರನ್ನು ಬೆಳಗಿನ ಬಿಸಿಲಿಗೆ ಜಗುಲಿಗೆ ಕರೆತಂದು ಕೂರಿಸುವುದು ಒಳ್ಳೆಯ ಪದ್ಧತಿ. ಆದರೆ ಆಯುರ್ವೇದ ಎಚ್ಚರಿಕೆಯ ಮಾತನ್ನೂ ಹೇಳುತ್ತದೆ. ಮಳೆಗಾಲದಲ್ಲಿ ಸಂಚಯವಾದ ಪಿತ್ತ ಶರತ್ತಿನ ಬಿಸಿಲಿಗೆ ಕೆರಳುತ್ತದೆ. ಕಟುಬಿಸಿಲಿನಲ್ಲಿ ಅಲೆಯಬಾರದು, ಖಾರ ಹುಳಿಗಳನ್ನು ಕಡಿಮೆ ಮಾಡಬೇಕು ಎಂಬುದು ಅದರ ಮತ. ಹಗಲು ಸೂರ್ಯನಿಂದ ಕಾದು, ಇರುಳು ಚಂದ್ರನಿಂದ ತಣಿದು, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ಮಲವಾದ ನೀರನ್ನು ಚರಕ ಸಂಹಿತೆ ಹಂಸೋದಕವೆಂದು ಹೊಗಳಿದೆ. ಆಗಸ್ಟಿನಲ್ಲಿ ಕೆಮ್ಮಣ್ಣು ಹೊತ್ತು ಹರಿದ ನಮ್ಮ ಹಳ್ಳಗಳು ಅಕ್ಟೋಬರ್‌ನಲ್ಲಿ ತಳದ ಕಲ್ಲು ಕಾಣುವಷ್ಟು ತಿಳಿಯಾಗುವುದನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ.

ಹಿತ್ತಲಿನಲ್ಲಿ ಈ ದಿನಗಳಲ್ಲಿ ಒಂದು ಋತುವನ್ನು ಬೀಳ್ಕೊಟ್ಟು ಇನ್ನೊಂದನ್ನು ಬರಮಾಡಿಕೊಳ್ಳುವ ಕೆಲಸ. ಮಳೆಗಾಲದ ಸೌತೆ, ಹೀರೆಗಳ ಬಳ್ಳಿ ಒಣಗತೊಡಗುತ್ತದೆ. ಬಲಿತ ಕಾಯಿಯ ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಮುಂದಿನ ವರ್ಷಕ್ಕೆ ಕಾಯ್ದಿಡಬೇಕಾದದ್ದು ಈಗಲೇ. ಬೀಜಕ್ಕೆ ತಕ್ಕ ಬಿಸಿಲು ಸಿಗದಿದ್ದರೆ ಬರುವ ಜೂನ್‌ನಲ್ಲಿ ಮೊಳಕೆ ಬರುವುದಿಲ್ಲ. ಮಳೆಯಿಂದ ಮೇಲ್ಮಣ್ಣಿನ ಸಾರ ಕೊಚ್ಚಿಹೋಗಿರುತ್ತದೆ. ಬಿಸಿಲು ಬಿದ್ದೊಡನೆ ಮಣ್ಣು ಹೆಪ್ಪುಗಟ್ಟುತ್ತದೆ. ಹಾಗೆ ಗಟ್ಟಿಯಾಗುವ ಮುಂಚೆಯೇ ಕೆದಕಿ, ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಪಾತಿ ಮಾಡಿ, ಮೇಲೆ ದರಗು ಹೊದಿಸಿದರೆ ಮೂಲಂಗಿ, ಹರಿವೆ, ಬೀನ್ಸ್, ಬದನೆಗಳು ಬೇಸಿಗೆಯ ಬಾಗಿಲವರೆಗೆ ಬರುತ್ತವೆ.

ಹೂವಿನ ಮಾತಿಗೆ ಬಂದರೆ, ಮಳೆಗಾಲದುದ್ದಕ್ಕೂ ಅಂಗಳವನ್ನು ಬೆಳಗಿದ ಡೇರೆ ಗಿಡಗಳು ಈಗ ಸೋತು ಬಾಗಿರುತ್ತವೆ. ಅವುಗಳ ಕಾಂಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಮರಳಿನಲ್ಲಿಯೋ ಬೂದಿಯಲ್ಲಿಯೋ ಹುದುಗಿಸಿ, ತಂಪಾದ ಮೂಲೆಯಲ್ಲಿ ಇಡುತ್ತಾರೆ. ತವರಿಗೆ ಹೋದ ಹೆಣ್ಣುಮಕ್ಕಳು ಅಲ್ಲಿಯ ಬಣ್ಣದ ಗೆಡ್ಡೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವುದು ಇಂದಿಗೂ ನಿಂತಿಲ್ಲ. ಮೆಕ್ಸಿಕೋ ದೇಶದ ಈ ಹೂವು ಮಲೆನಾಡಿನ ಹೆರಳಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ ಅದನ್ನು ಪರದೇಶದ್ದೆಂದರೆ ಯಾರೂ ನಂಬುವುದಿಲ್ಲ.

ಡೇರೆ ಇಳಿದಂತೆ ಸೇವಂತಿಗೆ ಏರುತ್ತದೆ. ಅದು ಹೂ ಬಿಡುವುದಕ್ಕೆ ದೀರ್ಘವಾದ ಇರುಳು ಬೇಕು. ನಮ್ಮಲ್ಲಿ ಅತಿ ದೀರ್ಘವಾದ ಹಗಲಿಗೂ ಅತಿ ಮೊಟಕಾದ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸೂಕ್ಷ್ಮವಾದ ಬದಲಾವಣೆಯನ್ನು ಗಿಡ ಅಳೆದು, ಮೊಗ್ಗು ಕಟ್ಟುವ ಕಾಲ ಬಂತೆಂದು ಅರಿಯುತ್ತದೆ. ರಾತ್ರಿಯಿಡೀ ಉರಿಯುವ ವಿದ್ಯುದ್ದೀಪದ ಕೆಳಗಿನ ಸೇವಂತಿಗೆ ತಡವಾಗಿ ಹೂ ಬಿಟ್ಟರೆ ಆಶ್ಚರ್ಯಪಡಬೇಕಾಗಿಲ್ಲ; ಅದಕ್ಕೆ ಇರುಳು ಸಿಕ್ಕಿರುವುದಿಲ್ಲ. ಇದೇ ದಿನಗಳಲ್ಲಿ ಹಿಮಾಲಯದ ಕಡೆಯಿಂದ ಬಂದಿಳಿದ ಹಳದಿ ಹೊಟ್ಟೆಯ ಕುಂಡೆಕುಸ್ಕ ಹಕ್ಕಿ ಅಂಗಳದ ನೀರುಕಾಲುವೆಯ ಬದಿಯಲ್ಲಿ ಬಾಲ ಕುಣಿಸುತ್ತ ಓಡಾಡತೊಡಗುತ್ತದೆ. ಪಂಚಾಂಗ ನೋಡದ ಮಕ್ಕಳಿಗೂ ಮಳೆ ಮುಗಿಯಿತೆಂದು ಅದರಿಂದಲೇ ತಿಳಿಯುತ್ತದೆ.

ಹಿತ್ತಲು ದಾಟಿದರೆ ಕಾಫಿ ತೋಟ. ಹೊರಗಿನಿಂದ ಬಂದವರಿಗೆ ಕಾಣುವುದು ಹಸಿರೆಲೆಯ ನಡುವೆ ಕೆಂಪಿಗೆ ತಿರುಗುತ್ತಿರುವ ಕಾಯಿಗಳು ಮಾತ್ರ. ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಗೆ ಅರಳಿದ ಅರೇಬಿಕಾ ಎಂಟು ಒಂಬತ್ತು ತಿಂಗಳಿಗೆ ಹಣ್ಣಾಗುತ್ತದೆ. ರೋಬಸ್ಟಾಕ್ಕೆ ಇನ್ನೂ ಒಂದೆರಡು ತಿಂಗಳು ಹೆಚ್ಚು ಬೇಕು. ಆದರೆ ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಅದೇ ಗಿಡದಲ್ಲಿ ಈಗ ನಡೆಯುತ್ತಿರುತ್ತದೆ. ಹಗಲು ಮೊಟಕಾಗತೊಡಗಿದಂತೆ ಅರೇಬಿಕಾ ಗಿಡದ ಹೊಸ ರೆಂಬೆಗಳ ಗೆಣ್ಣುಗಳಲ್ಲಿ ಬರುವ ವರ್ಷದ ಹೂಮೊಗ್ಗಿನ ಮೂಲ ಮೂಡುತ್ತದೆ. ಒಂದು ಗಿಡ ಈ ವರ್ಷದ ಹಣ್ಣನ್ನೂ ಮುಂದಿನ ವರ್ಷದ ಹೂವನ್ನೂ ಒಟ್ಟಿಗೆ ಹೊತ್ತಿರುವ ಕಾಲ ಇದು. ಮಳೆ ಬಿಟ್ಟೊಡನೆ ಗೊಬ್ಬರ ಹಾಕುವುದಕ್ಕೂ, ಬೇಡದ ಚಿಗುರು ತೆಗೆಯುವುದಕ್ಕೂ ಇದೇ ಕಾರಣ.

ಬಿಸಿಲಿನ ಆಸೆ ತೋಟದಲ್ಲಿ ಅತಿಯಾಗಬಾರದೆಂಬುದಕ್ಕೆ ಕಾಂಡಕೊರಕ ಹುಳು ಸಾಕ್ಷಿ. ಅದರ ದುಂಬಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಅದರಲ್ಲಿಯೂ ಪ್ರಖರವಾದ ಬಿಸಿಲಿರುವ ಹೊತ್ತಿನಲ್ಲಿ, ಹೊರಬಂದು ಹಾರಾಡುತ್ತದೆ. ಬಿಸಿಲು ಬಿದ್ದು ಬೆಚ್ಚಗಾದ ಅರೇಬಿಕಾ ಕಾಂಡದ ತೊಗಟೆಯ ಬಿರುಕುಗಳಲ್ಲಿ ಹೆಣ್ಣು ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಗಿಡ ಹಳದಿಯಾಗಿ ಸೊರಗುತ್ತದೆ. ಎಳೆಯ ಗಿಡವಾದರೆ ಉಳಿಯುವುದೇ ಇಲ್ಲ. ತೋಟಕ್ಕೆ ಹದವಾದ ನೆರಳನ್ನು ಕಾಯ್ದುಕೊಳ್ಳುವುದು ಇದಕ್ಕೆ ಮೊದಲ ಮದ್ದು. ಹುಳು ಬಿದ್ದ ಗಿಡವನ್ನು ದುಂಬಿ ಹೊರಬರುವ ಮೊದಲೇ ಹುಡುಕಿ ಕಿತ್ತು ಸುಡುವುದು ಎರಡನೆಯದು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾಗಿ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿರುವ ಕೇಂದ್ರ ನಮ್ಮ ಬೆಳೆಗಾರರಿಗೆ ಬಹುಕಾಲದಿಂದ ಹೇಳುತ್ತ ಬಂದ ಪಾಠಗಳಲ್ಲಿ ಇದೂ ಒಂದು. ಹೆಚ್ಚು ಫಸಲಿನ ಆಸೆಯಿಂದ ಮರಗಳನ್ನು ಕಡಿದು ತೋಟವನ್ನು ಬಯಲು ಮಾಡಿದವರ ಮನೆಗೆ ಶರತ್ತಿನ ಬಿಸಿಲು ಅತಿಥಿಯಾಗಿ ಬರುವುದಿಲ್ಲ.

ಈ ಬಿಸಿಲಿಗೆ ಹಬ್ಬಗಳೂ ಹೊಂದಿಕೊಂಡಿವೆ. ಆಶ್ವಯುಜದ ಹುಣ್ಣಿಮೆ ಮಲೆನಾಡಿನಲ್ಲಿ ಭೂಮಿಹುಣ್ಣಿಮೆ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುವಾಗ ಭೂಮಿತಾಯಿಯನ್ನು ತುಂಬುಬಸುರಿಯೆಂದು ಭಾವಿಸಿ ಬಯಕೆಯ ಊಟ ಬಡಿಸುತ್ತಾರೆ. ಹಲವು ಬಗೆಯ ಸೊಪ್ಪು ತರಕಾರಿಗಳನ್ನು ಬೇಯಿಸಿದ ಚರಗವನ್ನು ನಸುಕಿನಲ್ಲಿಯೇ ಗದ್ದೆಗೆ ಒಯ್ದು ಬೀರುತ್ತಾರೆ. ಒಂದಿಷ್ಟು ಕಾಗೆಗೆ, ಇಲಿಗೆ, ಹುಳಕ್ಕೂ ಸಲ್ಲುತ್ತದೆ. ಆಮೇಲೆ ದೀಪಾವಳಿ. ನರಕ ಚತುರ್ದಶಿಯ ಸಮಯದಲ್ಲಿ ಚಿಕ್ಕಮಗಳೂರಿನ ಬಳಿಯ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ಸಾವಿರಾರು ಜನ ಬರಿಗಾಲಿನಲ್ಲಿ ಹತ್ತುತ್ತಾರೆ. ಹರಕೆಯ ಸೌದೆಯನ್ನು ಹೆಗಲ ಮೇಲೆ ಹೊತ್ತು ಹೋಗಿ ತುದಿಯಲ್ಲಿ ಒಪ್ಪಿಸುತ್ತಾರೆ. ಮಳೆ ತಡವಾಗಿ ಬಿಟ್ಟ ವರ್ಷ ಆ ಜಾರುದಾರಿ ಎಷ್ಟು ಕಷ್ಟದ್ದೆಂಬುದು ಹತ್ತಿದವರಿಗೇ ಗೊತ್ತು.

ದಸರೆಯ ರಜೆಯೂ ಇದೇ ಕಾಲಕ್ಕೆ ಬರುವುದರಿಂದ ಮಕ್ಕಳೊಡನೆ ಹೊರಡಲು ಅನುಕೂಲ. ದೂರದ ಊರುಗಳನ್ನು ನೋಡುವ ಮೊದಲು ನಮ್ಮ ನೆಲವನ್ನು ನಾವು ನೋಡಿದ್ದೇವೆಯೇ ಎಂದು ಕೇಳಿಕೊಳ್ಳುವುದು ಲೇಸು. ಬಾಳೂರಿನ ನೆರೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಮೂಡಣಕ್ಕೆ ಹರಿದು ಕಾವೇರಿಯನ್ನು ಸೇರುತ್ತಾಳೆ. ಕಳಸದ ಮುಂದೆ ಹರಿಯುವ ಭದ್ರೆ ಬಡಗಣಕ್ಕೆ ಸಾಗಿ ಕೂಡಲಿಯಲ್ಲಿ ತುಂಗೆಯೊಡನೆ ಬೆರೆಯುತ್ತಾಳೆ. ಕುದುರೆಮುಖದ ಸಾಲಿನಲ್ಲಿ ಹುಟ್ಟಿದ ನೇತ್ರಾವತಿ ಪಡುವಣಕ್ಕೆ ಧುಮುಕಿ ಮಂಗಳೂರಿನಲ್ಲಿ ಕಡಲು ಕಾಣುತ್ತಾಳೆ. ಸುಂಕಸಾಲೆಯ ಕಡೆಯಿಂದ ಬಲ್ಲಾಳರಾಯನದುರ್ಗವನ್ನು ಹತ್ತಿ ನಿಂತರೆ, ಒಂದೇ ಬೆಟ್ಟಸಾಲಿನ ಮಳೆ ಹೀಗೆ ಎರಡು ಕಡಲುಗಳಿಗೆ ಹಂಚಿಹೋಗುವ ಬಗೆಯನ್ನು ಮಗುವಿಗೆ ಬೆರಳು ತೋರಿಸಿ ಹೇಳಬಹುದು. ಯಾವ ಭೂಪಟವೂ ಅದನ್ನು ಅಷ್ಟು ಚೆನ್ನಾಗಿ ಕಲಿಸಲಾರದು.

ಇನ್ನೂ ಎತ್ತರಕ್ಕೆ ಹೋಗಬಯಸುವವರಿಗೆ ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿದೆ. 2022ರ ಶರತ್ತಿನಲ್ಲಿ ಆ ಚಂದ್ರದ್ರೋಣ ಸಾಲಿನ ಇಳಿಜಾರುಗಳಲ್ಲಿ ಕುರಿಂಜಿ ಅರಳಿ ಬೆಟ್ಟವೇ ನೀಲಿಯಾಗಿತ್ತು. ಹಲವು ವರ್ಷ ಬೆಳೆದು, ಒಮ್ಮೆ ಒಟ್ಟಾಗಿ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಗಿಡವದು. ಅದರ ಹೂವನ್ನು ಕಿತ್ತವನು ಮುಂದಿನ ತಲೆಮಾರಿನ ಬೀಜವನ್ನೇ ಕಿತ್ತಂತೆ. 2025ರಿಂದ ಆ ಗಿರಿಗಳಿಗೆ ಹೋಗುವ ವಾಹನಗಳಿಗೆ ಮುಂಗಡ ನೋಂದಣಿಯ ವ್ಯವಸ್ಥೆಯನ್ನು ತಂದಿದ್ದಾರೆ. ಕಿರಿದಾದ ಬೆಟ್ಟದ ದಾರಿ ತಾಳಬಲ್ಲ ಜನಸಂಖ್ಯೆಗೂ ಒಂದು ಮಿತಿಯಿದೆ ಎಂಬುದನ್ನು ಪ್ರವಾಸಿಗರು ಒಪ್ಪಿಕೊಳ್ಳಬೇಕು. ಕಾಡಿನ ಅಂಚಿನಲ್ಲಿ ನಡೆಯುವವರಿಗೆ ಇನ್ನೊಂದು ಮಾತು: ನೆಲ ಒಣಗಿದಂತೆ ಇಂಬಳದ ಕಾಟ ತಗ್ಗುತ್ತದೆ, ಆದರೆ ಆಮೇಲೆ ಉಣುಗಿನ ಕಾಲ ಬರುತ್ತದೆ. ಮಂಗನ ಕಾಯಿಲೆಯನ್ನು ಹರಡುವುದು ಉಣುಗೇ. ಮೈತುಂಬ ಬಟ್ಟೆ ತೊಟ್ಟು, ಮರಳಿ ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಬಟ್ಟೆ ಒಗೆಯುವುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಈ ಸುಖ ಎಷ್ಟು ಎಳೆಯ ದಾರದಲ್ಲಿ ತೂಗುತ್ತಿದೆ ಎಂಬುದನ್ನೂ ಹೇಳಲೇಬೇಕು. 2019ರ ಆಗಸ್ಟ್ ತಿಂಗಳ ಮಳೆಗೆ ನಮ್ಮದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆಗಳು ಮಣ್ಣುಪಾಲಾದವು. ಆ ವರ್ಷವೂ ಶರತ್ತು ಬಂತು. ಮಂಜು ಸರಿದಾಗ ಹಸಿರು ಬೆಟ್ಟದ ಮೈಯಲ್ಲಿ ಕಂಡದ್ದು ಉದ್ದುದ್ದವಾದ ಕೆಂಪು ಗೀರುಗಳು. ಮನೆ ಕಳೆದುಕೊಂಡವರಿಗೆ ಬಿಸಿಲಿಗೆ ಹಾಕಲು ಹಾಸಿಗೆಯಿರಲಿಲ್ಲ; ಹರವಲು ಅಂಗಳವಿರಲಿಲ್ಲ. ಬಿಸಿಲು ಎಲ್ಲರಿಗೂ ಸಮನಾಗಿ ಬೀಳುತ್ತದೆಂಬ ಮಾತು ಆ ವರ್ಷ ನನಗೆ ರುಚಿಸಲಿಲ್ಲ. ಬಿಸಿಲನ್ನು ಅನುಭವಿಸಲು ಕಾಲ ಕೆಳಗೆ ಗಟ್ಟಿಯಾದ ನೆಲ ಬೇಕು.

2021ರ ನವೆಂಬರ್‌ನಲ್ಲಿ ಇನ್ನೊಂದು ಬಗೆಯ ಕಷ್ಟ. ಹಿಂಗಾರಿನಲ್ಲಿ ಒಂದೆರಡು ಮಳೆ ಬೀಳುವುದು ವಾಡಿಕೆ. ಸ್ವಾತಿಯ ಹನಿಯನ್ನು ಮುತ್ತೆಂದು ಕೊಂಡಾಡಿದ ಜನ ನಾವು. ಆದರೆ ಆ ವರ್ಷ ಕುಯ್ಲಿನ ಹೊಸ್ತಿಲಲ್ಲಿ ದಿನದಿನವೂ ಸುರಿಯಿತು. ಹಣ್ಣಾದ ಅರೇಬಿಕಾ ಅತಿಯಾದ ನೀರನ್ನು ಹೀರಿ, ಸಿಪ್ಪೆ ಬಿರಿದು, ನೆಲಕ್ಕೆ ಉದುರುತ್ತದೆ. ಕಷ್ಟಪಟ್ಟು ಬಿಡಿಸಿ ತಂದದ್ದನ್ನು ಕಣದಲ್ಲಿ ಹರವಲು ಬಿಸಿಲಿಲ್ಲ. ಕಾಫಿಯ ಬೀಜದ ತೇವ ನೂರಕ್ಕೆ ಹತ್ತು ಹನ್ನೆರಡರ ಮಟ್ಟಕ್ಕೆ ಇಳಿಯುವವರೆಗೆ ಒಣಗದಿದ್ದರೆ ಬೂಷ್ಟು ಹಿಡಿದು ಬಣ್ಣವೂ ರುಚಿಯೂ ಕೆಡುತ್ತವೆ. ಮಾಗಿದ ಭತ್ತ ಗದ್ದೆಯಲ್ಲಿಯೇ ಮಲಗಿ ಮೊಳೆಯುತ್ತದೆ. ಅರಬ್ಬಿ ಸಮುದ್ರದ ಮೇಲ್ಮೈ ನೀರು ಹಿಂದಿಗಿಂತ ಬಿಸಿಯಾಗಿರುವುದನ್ನು ಅಳತೆಗಳು ತೋರಿಸಿವೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವವನ್ನು ಹೊರಬಲ್ಲದು. ನಮ್ಮ ಐದಾರು ವಾರಗಳ ಶರತ್ತು ಎರಡು ಕಡೆಯಿಂದಲೂ ಮೊಟಕಾಗುವ ಭಯ ಹೀಗೆ ಬರಿಯ ಕಲ್ಪನೆಯಲ್ಲ.

ಆದ್ದರಿಂದ ಈ ಬಿಸಿಲನ್ನು ಅನುಭವಿಸುವುದೆಂದರೆ ಅದನ್ನು ಹಂಚಿ ಬಾಳುವುದೆಂದು ನಾನು ತಿಳಿದಿದ್ದೇನೆ. ಹಾಸಿಗೆಗೆ, ಬೀಜಕ್ಕೆ, ಹೂವಿಗೆ, ಗದ್ದೆಗೆ ಅದರ ಪಾಲು ಸಲ್ಲಬೇಕು. ಕಾಂಡಕ್ಕೆ ನೆರಳು ಉಳಿಯಬೇಕು. ಗುಡ್ಡದ ಇಳಿಜಾರಿನ ಮರಗಳು ಬೇರೂರಿ ನಿಲ್ಲಬೇಕು. ಮಳೆಗಾಲವಿಡೀ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ತೋಟದಲ್ಲಿ ನಿಂತವರಿಗೆ, ಕುಯ್ಲು ಬಂದರೆ ತಲೆಯೆತ್ತಲು ಬಿಡುವಿಲ್ಲದವರಿಗೆ, ಹಬ್ಬಕ್ಕೆ ತಮ್ಮ ಊರಿಗೆ ಹೋಗಿಬರಲು ಸಂಬಳಸಹಿತವಾದ ನಾಲ್ಕು ದಿನಗಳು ಸಿಕ್ಕಬೇಕು. ಲೈನುಮನೆಯ ಸೂರು ದುರಸ್ತಿ ಮಾಡಿಸಬೇಕಾದದ್ದೂ ಈ ಬಿಸಿಲಿನಲ್ಲಿಯೇ. ಮುಂದಿನ ಜೂನ್ ಬಂದ ಮೇಲೆ ಮರುಗಿ ಫಲವಿಲ್ಲ.

ಮಳೆಗೂ ಸಂವತ್ಸರಕ್ಕೂ ‘ವರ್ಷ’ವೆಂಬ ಒಂದೇ ಹೆಸರಿಟ್ಟ ನಮ್ಮ ಹಿರಿಯರು ಹರಸುವಾಗ ಮಾತ್ರ ಆಯುಸ್ಸನ್ನು ಶರತ್ತುಗಳಲ್ಲಿ ಎಣಿಸಿದರು. ಮಳೆಯನ್ನು ದಾಟಿ ಬಂದವನಿಗೆ ಮಾತ್ರ ಆ ಎಣಿಕೆಯ ಅರ್ಥ ತಿಳಿದೀತು. ಒಂದು ಶರತ್ತನ್ನು ಕಂಡೆವೆಂದರೆ ಒಂದು ಮಳೆಗಾಲವನ್ನು ಮನೆಮಂದಿಯೆಲ್ಲ ಗೆದ್ದು ಬಂದೆವೆಂದು ಅರ್ಥ. ನಮ್ಮ ಪಾಲಿಗೆ ಬಂದ ಶರತ್ತನ್ನು ಬೆಚ್ಚಗೆ ಕಳೆಯೋಣ. ನಮ್ಮ ಮಕ್ಕಳ ಲೆಕ್ಕದಲ್ಲಿ ಅದು ಒಂದೂ ಕಡಿಮೆಯಾಗದಂತೆ ನೋಡಿಕೊಳ್ಳೋಣ.